ಏರಿ ಕೆಳಗಿನ ಮೂರು ಎಕರೆಯೋ, ದಿಣ್ಣೆ ಮೇಲಿನ ಎರಡೂವರೆಯೋ?

ಕೊಬ್ಬರಿಅಕ್ಕ, ನಿಟ್ಟೂರು ಕಡೆ

ನಮಸ್ಕಾರ. ಜಮೀನಿನ ವಿಷಯ. ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಉಂಡೆ ಕೊಬ್ಬರಿ ವ್ಯಾಪಾರ. ಕಾಯಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತಿರುತ್ತದೆ. ಅಷ್ಟೂ ದಿನ ನಮ್ಮ ದುಡ್ಡೂ ಅಟ್ಟದ ಮೇಲೇ. ತಿಪಟೂರಿನಲ್ಲಿ ರೇಟು ಏರಿತೋ ಇಳಿಯಿತೋ ಅಂತ ಫೋನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಸಣ್ಣದೊಂದು ಡಿ.ಸಿ. ಪೌಡರ್ (ಒಣಗಿಸಿದ ತೆಂಗಿನ ತುರಿ) ಘಟಕ ಹಾಕುವ ಯೋಚನೆ. ದಿನಕ್ಕೆ 10,000 ಕಾಯಿ, 12,000 ಚದರಡಿ ಶೆಡ್, ಒಂದು ಬಾಯ್ಲರ್, ಒಂದು ಡ್ರೈಯರ್.

ಎರಡು ಜಮೀನು ನೋಡಿದ್ದೇವೆ. ಎರಡೂ ಗುಬ್ಬಿ ತಾಲ್ಲೂಕು.

ಮೊದಲನೆಯದು 3 ಎಕರೆ 10 ಗುಂಟೆ. ಶಿವಮೊಗ್ಗ ಹೈವೇಯಿಂದ 300 ಮೀಟರ್ ಒಳಗೆ, ಕೆರೆ ಏರಿಯ ಕೆಳಗೆ. ಅಂಗೈ ಹಾಗೆ ಸಮತಟ್ಟು. ಕರೆಂಟು ಲೈನು ಬದುವಿನ ಮೇಲೇ ಹೋಗಿದೆ. ಮಾಲೀಕರು ಬೆಂಗಳೂರಿನಲ್ಲಿರುವವರು, ಬೇಗ ಕೊಟ್ಟು ಮುಗಿಸಬೇಕು ಅನ್ನುತ್ತಾರೆ.

ಎರಡನೆಯದು 2 ಎಕರೆ 22 ಗುಂಟೆ. ಹೈವೇಯಿಂದ ಎರಡು ಕಿಲೋಮೀಟರ್ ಒಳಗೆ, ದಿಣ್ಣೆ ಮೇಲೆ. ಗರಸು ಮಣ್ಣು, ಜಾಲಿ ಗಿಡ, ನಡುವೆ ಒಂದು ಬಂಡೆ. ದಾರಿ ಅಂದರೆ ಬಂಡಿ ಜಾಡು, ಅಷ್ಟೇ. ಎಕರೆಗೆ ಆರು ಲಕ್ಷ ಕಡಿಮೆ.

ಮಾವ, ಮೈದುನ, ಬ್ರೋಕರ್ ಮೂರೂ ಜನ ಮೊದಲನೆಯದೇ ಸರಿ ಅನ್ನುತ್ತಾರೆ. ನಮ್ಮ ಯಜಮಾನರು "ನಿನ್ನಿಷ್ಟ" ಅಂದರು. ಅಂದರೆ ನಾಳೆ ಹೆಚ್ಚುಕಡಿಮೆ ಆದರೆ ತಪ್ಪು ನನ್ನದು.

ನನಗೆ ಒಂದೇ ಒಂದು ಅನುಮಾನ. ಹೋದ ವಾರ ಒಬ್ಬಳೇ ಹೋಗಿ ಮೊದಲನೆಯ ಜಮೀನು ಸುತ್ತಿದೆ. ಬೇಲಿಗೆ ಕಲ್ಲುಕಂಬ, ಮುಳ್ಳುತಂತಿ. ಪೂರ್ವದ ಬೇಲಿಯ ತಂತಿಗೆ ಉದ್ದಕ್ಕೂ ಒಣಹುಲ್ಲು, ಎಲೆಅಡಿಕೆ ಚೀಟಿ, ಒಂದು ಹವಾಯಿ ಚಪ್ಪಲಿಯ ಪಟ್ಟಿ, ಹೀಗೆ ಏನೇನೋ ಸಿಕ್ಕಿಕೊಂಡಿತ್ತು. ಎಲ್ಲವೂ ನನ್ನ ಮೊಣಕಾಲಿನ ಎತ್ತರಕ್ಕೆ, ಗೆರೆ ಎಳೆದ ಹಾಗೆ. ಬ್ರೋಕರ್ ಕೇಳಿದರೆ "ಗಾಳಿಗೆ ಬಂದಿದ್ದು ಅಕ್ಕಾ" ಅಂದ. ಗಾಳಿಗೆ ಬಂದ ಕಸ ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತದಾ?

ಕರಾರಿಗೆ ಇನ್ನು 20 ದಿನ ಇದೆ. ಅಷ್ಟರಲ್ಲಿ ಏನೇನು ನೋಡಬೇಕು? ಪಹಣಿ, ಮ್ಯುಟೇಷನ್, 30 ವರ್ಷದ ಇ.ಸಿ. ತೆಗೆಸಿದ್ದೇನೆ. ಗೊತ್ತಿರುವ ಒಬ್ಬರು "ಫ್ಯಾಕ್ಟರಿಗೆ ಇ.ಸಿ. ಬೇಕು, ದಿಲ್ಲಿಯವರೆಗೆ ಹೋಗಬೇಕು" ಅಂದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೊಟ್ಟರಲ್ಲ ಅಂದೆ. ಅವರು ನಕ್ಕರು, ನಾನೂ ನಕ್ಕೆ. ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ತುಮ್ಕೂರ್‌ಹುಡುಗ

ಅಕ್ಕಾ, ಮೊದಲನೆಯದೇ ತಗೊಳ್ಳಿ. ರೋಡು, ಕರೆಂಟು ಎರಡೂ ಇದೆ. 2020ರಲ್ಲಿ ಭೂ ಸುಧಾರಣೆ ಕಾನೂನಿನ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿ ಜಮೀನು ಯಾರು ಬೇಕಾದರೂ ತಗೋಬಹುದು. ಕನ್ವರ್ಷನ್ ಆನ್‌ಲೈನ್. ಕೆರೆ ಹತ್ತಿರ 75 ಮೀಟರ್ ಬಿಡಬೇಕು ಅನ್ನುವ ರೂಲನ್ನೂ ಸುಪ್ರೀಂ ಕೋರ್ಟ್ ಕ್ಯಾನ್ಸಲ್ ಮಾಡಿದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಳೇಸರಪಳಿ

ಅಮ್ಮಾ, ನಾನು ಭೂಮಾಪನ ಇಲಾಖೆಯಲ್ಲಿ 31 ವರ್ಷ ಸರಪಳಿ ಎಳೆದು ನಿವೃತ್ತನಾದವನು. ಆ ಬೇಲಿಯ ಕಸ ನೋಡಿದಿರಲ್ಲ, ಅರ್ಧ ಸರ್ವೆ ನೀವೇ ಮಾಡಿದ್ದೀರಿ. ಅದು ನೀರು ತಂದ ಕಸ. 2022ರ ಮಳೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಮರುವರ್ಷವೇ ಬರ. ಬರದಲ್ಲಿ ಬಂದು ನೋಡಿದವನಿಗೆ ಅಂಥ ಜಮೀನು ಒಳ್ಳೆ ಆಟದ ಮೈದಾನದ ಹಾಗೆ ಕಾಣುತ್ತದೆ.

ಕೆರೆ ಕೆಳಗೆ ಎರಡು ಥರದ ನೀರಿನ ದಾರಿ ಇರುತ್ತದೆ. ಜನ ಎರಡನ್ನೂ ಕಾಲುವೆ ಅಂತಲೇ ಕರೆದು ಮೋಸ ಹೋಗುತ್ತಾರೆ. ಒಂದು ತೂಬಿನ ಕಾಲುವೆ. ಗದ್ದೆಗೆ ನೀರು ಕೊಡುವುದಕ್ಕೆ ಮಾಡಿದ್ದು, ಸಣ್ಣದು, ತೂಬು ಮುಚ್ಚಿದರೆ ಒಣಗುತ್ತದೆ. ಇನ್ನೊಂದು ಕೋಡಿ ಹಳ್ಳ. ಕೆರೆ ತುಂಬಿ ಹೆಚ್ಚಾದ ನೀರು ಹೋಗುವ ದಾರಿ. ಹತ್ತು ವರ್ಷ ಒಣಗಿಯೇ ಇರಬಹುದು, ಅದರಲ್ಲಿ ಜನ ಹುರುಳಿ ಬಿತ್ತುತ್ತಾರೆ, ಬದು ಒಡೆದು ಸಮ ಮಾಡುತ್ತಾರೆ. ಹನ್ನೊಂದನೇ ವರ್ಷ ಇಡೀ ಕೆರೆಯ ಹೆಚ್ಚಿನ ನೀರು ಅಲ್ಲೇ ಬರುತ್ತದೆ. ನಿಮ್ಮ ಜಮೀನು ಅಂಗೈ ಹಾಗಿದೆ ಅಂದಿರಿ. ಏರಿ ಕೆಳಗೆ ಅಷ್ಟು ಸಮತಟ್ಟಾಗಿ ಯಾವ ಜಮೀನೂ ತಾನಾಗಿ ಇರುವುದಿಲ್ಲ. ಯಾರೋ ಜೆಸಿಬಿ ಹೊಡೆಸಿದ್ದಾರೆ.

ಮಾಡಬೇಕಾದ್ದು ಇಷ್ಟು. ತಾಲ್ಲೂಕು ಸರ್ವೆ ಕಚೇರಿಯಲ್ಲಿ ಗ್ರಾಮ ನಕ್ಷೆ, ಆ ಸರ್ವೆ ನಂಬರಿನ ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯ ಬರೆದ ದಾಖಲೆ) ನಕಲು ತೆಗೆಸಿ. ಗ್ರಾಮ ನಕ್ಷೆಯಲ್ಲಿ ಕೆರೆಯಿಂದ ಹೊರಟ ಜೋಡಿ ಗೆರೆ ಎಲ್ಲಿ ಹೋಗುತ್ತದೆ ನೋಡಿ. ನಿಮ್ಮ ನಂಬರಿನ ಒಳಗೆ ಹಾದರೆ ಅಲ್ಲಿಗೆ ಮುಗಿಯಿತು. ಅಂಚಿನಲ್ಲಿ ಹಾದರೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಬೇಕು.

ಪಹಣಿಯ 3ನೇ ಕಾಲಮ್ಮಿನಲ್ಲಿ ವಿಸ್ತೀರ್ಣದ ಜೊತೆ ಫೂಟ್ ಖರಾಬ್ ಅ, ಫೂಟ್ ಖರಾಬ್ ಬ ಅಂತ ಇರುತ್ತದೆ. ಯಾರೂ ಓದುವುದಿಲ್ಲ. ಅ ಖರಾಬು ಅಂದರೆ ಬಂಡೆ, ಗುಂಡಿ, ಉಳಲಾಗದ ನೆಲ. ಹಿಡುವಳಿಯ ಜೊತೆಗೇ ಬರುತ್ತದೆ. ಬ ಖರಾಬು ಹಳ್ಳ, ದಾರಿ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ನೆಲ. ಅದು ನಿಮ್ಮದೂ ಅಲ್ಲ, ಮಾರುವವರದೂ ಅಲ್ಲ. ಪಹಣಿಯಲ್ಲಿ ಸೊನ್ನೆ ಇದ್ದು ಟಿಪ್ಪಣಿಯಲ್ಲಿ ಹಳ್ಳ ಇರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆಗ ಟಿಪ್ಪಣಿ, ಆಕಾರಬಂದ್ ನಂಬಿ.

ಇನ್ನೊಂದು. ಪಹಣಿಯಲ್ಲಿ ತರಿ ಅಂತ ಇದೆಯೋ ಖುಷ್ಕಿ (ಮಳೆ ನಂಬಿದ ಹೊಲ) ಅಂತ ಇದೆಯೋ? ಏರಿ ಕೆಳಗಿನದು ತರಿಯೇ ಇರಬೇಕು, ಅಂದರೆ ಕೆರೆಯ ಅಚ್ಚುಕಟ್ಟು. ಅಂಥದ್ದಕ್ಕೆ ಭೂ ಕಂದಾಯ ಕಾನೂನಿನ 95ನೇ ಕಲಂ ಪ್ರಕಾರ ಭೂ ಪರಿವರ್ತನೆ (ಕನ್ವರ್ಷನ್) ಕೇಳಿದಾಗ ನೀರಾವರಿಯವರ ಅಭಿಪ್ರಾಯಕ್ಕೆ ಹೋಗುತ್ತದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವುದು ಸುಲಭ ಆಗಿದೆ, ಒಪ್ಪುತ್ತೇನೆ. ಗದ್ದೆ ಖುಷ್ಕಿ ಆಗಿಲ್ಲವಲ್ಲ.

ದಿಣ್ಣೆ ಜಮೀನಿಗೆ ಬೇರೆ ಪರೀಕ್ಷೆ. ನಮ್ಮ ಕಡೆ ದಿಣ್ಣೆ ಮೇಲಿನ ಗರಸು ನೆಲ ಎಷ್ಟೋ ಮೊದಲು ಗೋಮಾಳ ಅಥವಾ ಕಾವಲ್ ಆಗಿತ್ತು, ಆಮೇಲೆ ಮಂಜೂರಾದದ್ದು. ಮ್ಯುಟೇಷನ್ ಹಿಂದೆ ಹಿಂದೆ ಹೋಗಿ, ಮೊದಲು ಯಾರಿಗೆ ಹೇಗೆ ಬಂತು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯಾದರೆ 1978ರ ಪಿಟಿಸಿಎಲ್ ಕಾನೂನು ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡಿದ್ದರೆ ನಡುವೆ ನಾಲ್ಕು ಕೈ ಬದಲಾಗಿದ್ದರೂ ಆ ಕ್ರಯ ನಿಲ್ಲುವುದಿಲ್ಲ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿಯನ್ನೂ ತಂದಿದ್ದಾರೆ. 30 ವರ್ಷದ ಇ.ಸಿ. ಇದನ್ನು ಹೇಳುವುದಿಲ್ಲ. ಪಕ್ಕದಲ್ಲಿ ಅರಣ್ಯದ ಗಡಿಕಲ್ಲು ಇದೆಯಾ ಅಂತಲೂ ನೋಡಿ.

ತುಮ್ಕೂರ್‌ಹುಡುಗ ಅವರೇ, 75 ಮೀಟರ್ ಅನ್ನುವುದು 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ತೆಗೆದದ್ದು ಆ ಅಳತೆಯನ್ನು. ಕೋಡಿ ಹಳ್ಳವನ್ನು ಯಾವ ಕೋರ್ಟೂ ಕ್ಯಾನ್ಸಲ್ ಮಾಡಿಲ್ಲ.

ಚಿಪ್ಪುಪುಡಿ, ಕೆ.ಬಿ. ಕ್ರಾಸ್

ಅಕ್ಕಾ, ನಾನು ಡಿ.ಸಿ. ಪೌಡರ್ ಘಟಕ ನಡೆಸುತ್ತಿರುವುದು ಒಂಬತ್ತು ವರ್ಷದಿಂದ. ಮೊದಲು ನಿಮ್ಮ ಇ.ಸಿ. ನಗು ಬಿಡಿಸುತ್ತೇನೆ. ನಿಮ್ಮ ಕೈಲಿರುವುದು ಋಣಭಾರದ ಇ.ಸಿ. ಅವರು ಹೇಳಿದ್ದು ಪರಿಸರ ಅನುಮತಿಯ ಇ.ಸಿ., 2006ರ ಅಧಿಸೂಚನೆಯದು. ಕಟ್ಟಡಗಳಿಗೆ ಅದು ಶುರುವಾಗುವುದು 20,000 ಚದರ ಮೀಟರ್‌ನಿಂದ. ಅಂದರೆ ಹೆಚ್ಚುಕಡಿಮೆ 2,15,000 ಚದರಡಿ. ನಿಮ್ಮ ಶೆಡ್ 12,000. ದಿಲ್ಲಿಯೂ ಬೇಡ, ಬೆಂಗಳೂರೂ ಬೇಡ.

ನಿಮಗೆ ಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಎರಡು ಸಲ. ಕಟ್ಟುವ ಮೊದಲು ಸಿ.ಎಫ್.ಇ., ನಡೆಸುವ ಮೊದಲು ಸಿ.ಎಫ್.ಒ. ನಾನು ಮಾಡಿದ ತಪ್ಪು ಅಲ್ಲೇ. ಶೆಡ್ ಎದ್ದ ಮೇಲೆ ಅರ್ಜಿ ಹಾಕಿದೆ. ತ್ಯಾಜ್ಯದ ನೀರು ಎಲ್ಲಿಗೆ ಬಿಡುತ್ತೀರಿ ಅಂತ ಕೇಳಿದರು. ತೋಟಕ್ಕೆ ಅಂದೆ. ಏನು ದೊಡ್ಡ ವಿಷಯ, ಎಳನೀರಿನ ಅಣ್ಣತಮ್ಮ ತಾನೇ ಅಂತ ನನ್ನ ಲೆಕ್ಕ.

ಬಲಿತ ಕಾಯಿಯ ನೀರು ಬೆಳಗ್ಗೆ ಒಡೆದರೆ ಸಂಜೆಗೆ ಹುಳಿ. ಮರುದಿನ ಹೆಂಡದ ವಾಸನೆ. ಮೂರನೇ ದಿನ ಊರೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅದರ ಜೊತೆಗೆ ತಿರುಳು ತೊಳೆದ ನೀರು, ಎಣ್ಣೆ ಜಿಡ್ಡು. ನಾನು ಬಿಟ್ಟದ್ದು ತೆಂಗಿನ ಸಾಲಿನ ನಡುವೆ ತೋಡಿದ ಗುಂಡಿಗೆ. ಆರು ತಿಂಗಳಲ್ಲಿ ಗುಂಡಿಯ ಸುತ್ತ ಹುಲ್ಲು ಸುಟ್ಟಿತು, ನೊಣ ಎದ್ದವು. ಪಕ್ಕದ ತೋಟದವರ ಬೋರಿನ ನೀರು ವಾಸನೆ ಬಂತು. ನಮ್ಮದರಿಂದಲೇ ಅಂತ ಅವರು, ಅಲ್ಲ ಅಂತ ನಾನು. ಈಗಲೂ ಆ ಮನೆಯ ಮದುವೆಗೆ ನಮಗೆ ಕರೆ ಇಲ್ಲ. ಆಮೇಲೆ ಇ.ಟಿ.ಪಿ., ಅಂದರೆ ತ್ಯಾಜ್ಯದ ನೀರು ಸಂಸ್ಕರಿಸುವ ಘಟಕ, ಕಟ್ಟಿಸಿದೆ. ಅದಕ್ಕೆ ಜಾಗ ಬಿಟ್ಟಿರಲಿಲ್ಲ, ಕಣದ ಅರ್ಧ ಹೋಯಿತು.

ಆದ್ದರಿಂದ ಕರಾರಿಗೆ ಮೊದಲು ಹತ್ತು ಕಾಯಿ ಒಡೆದು ನೀರು ಅಳೆಯಿರಿ. ಹತ್ತು ಸಾವಿರಕ್ಕೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ಆ ನೀರು ಸಂಸ್ಕರಿಸುವ ತೊಟ್ಟಿಗೆ ಜಾಗ ಗುರುತು ಮಾಡಿ, ಆಮೇಲೆ ಶೆಡ್ಡಿಗೆ ಎಷ್ಟು ಉಳಿಯುತ್ತದೆ ನೋಡಿ. ಏರಿ ಕೆಳಗೆ ನೆಲ ಅಗೆದರೆ ನಾಲ್ಕಡಿಗೆ ಒರತೆ ಬರಬಹುದು. ತೊಟ್ಟಿ ನಿಲ್ಲುವುದು ಕಷ್ಟ, ಸೋರಿದರೆ ನೇರ ಗದ್ದೆಗೆ. ದಿಣ್ಣೆಯಲ್ಲಿ ಆ ತಾಪತ್ರಯ ಇಲ್ಲ, ಆದರೆ ಬೋರಿಗೆ ನೀರು ಸಿಗುತ್ತದಾ ಅನ್ನುವುದು ಪ್ರಶ್ನೆ. ನಿಮ್ಮ ತಾಲ್ಲೂಕು ಅಂತರ್ಜಲ ಕಾನೂನಿನ ಅಧಿಸೂಚಿತ ಪಟ್ಟಿಯಲ್ಲಿದ್ದರೆ ಬೋರು ಕೊರೆಸುವ ಮೊದಲೇ ಅನುಮತಿ ಬೇಕು.

ಬಾಯ್ಲರ್ ಹೊಗೆ ಯಾವ ಕಡೆ ಹೋಗುತ್ತದೆ? ಆಷಾಢದ ಗಾಳಿ ನಮ್ಮಲ್ಲಿ ಪಶ್ಚಿಮದಿಂದ. ಜಮೀನಿನ ಪೂರ್ವಕ್ಕೆ ಊರೋ ಶಾಲೆಯೋ ಇದ್ದರೆ ಚಿಪ್ಪು ಉರಿಸುವ ದಿನವೆಲ್ಲ ಫೋನು ಬರುತ್ತದೆ. ಚಿಪ್ಪಿನಿಂದ ಇದ್ದಿಲು ಸುಡುವ ಆಸೆ ಅಂತೂ ಬೇಡ, ಅದನ್ನು ಮಾರಿಬಿಡಿ.

ದಿಣ್ಣೆಯ ದಾರಿ ಬಗ್ಗೆ ಒಂದು ಮಾತು. ಬಂಡಿ ಜಾಡು ನಕ್ಷೆಯಲ್ಲಿ ಇದೆಯಾ? ಇದ್ದರೆ ಸರ್ಕಾರದ್ದು, ಅಗಲ ಎಷ್ಟು ಅಂತ ಸರ್ವೆಯವರು ಹೇಳುತ್ತಾರೆ. ಇಲ್ಲದಿದ್ದರೆ ಯಾರದೋ ಹೊಲದ ಮೇಲೆ ಅವರ ಒಳ್ಳೆತನದಿಂದ ಓಡಾಡುತ್ತಿದ್ದೀರಿ ಅಂತ ಅರ್ಥ. ಎತ್ತಿನಗಾಡಿಗೆ ಸುಮ್ಮನಿದ್ದವರು ಹತ್ತು ಚಕ್ರದ ಲಾರಿಗೆ ಸುಮ್ಮನಿರುವುದಿಲ್ಲ.

ಒಂದು ಜಿಲ್ಲೆ ಒಂದು ಉತ್ಪನ್ನದಲ್ಲಿ ನಮಗೆ ತೆಂಗು ಇದೆ. ಸಣ್ಣ ಆಹಾರ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಸಬ್ಸಿಡಿ 35%, ಹೆಚ್ಚೆಂದರೆ 10 ಲಕ್ಷ ಇತ್ತು, ಈಗಲೂ ಇದೆಯಾ ವಿಚಾರಿಸಿ. ಜಮೀನಿನ ದುಡ್ಡು ಆ ಲೆಕ್ಕಕ್ಕೆ ಬರುವುದಿಲ್ಲ.

ತುಮ್ಕೂರ್‌ಹುಡುಗ

ಇಷ್ಟೆಲ್ಲ ನೋಡುತ್ತಾ ಕೂತರೆ ಯಾರೂ ಏನೂ ತಗೊಳ್ಳುವುದಿಲ್ಲ ಸಾರ್. ದಿಶಾಂಕ್ ಆ್ಯಪ್ ಇದೆ, ಜಮೀನಿನಲ್ಲಿ ನಿಂತು ತೆಗೆದರೆ ಸರ್ವೆ ನಂಬರ್, ಹಳ್ಳ, ಕೆರೆ ಎಲ್ಲ ಬರುತ್ತದೆ. ಎರಡು ನಿಮಿಷದ ಕೆಲಸ.

ಹಳೇಸರಪಳಿ

ದಿಶಾಂಕ್ ಒಳ್ಳೆಯದೇ, ನನ್ನ ಫೋನಿನಲ್ಲೂ ಇದೆ. ಯಾವ ನಂಬರಿನಲ್ಲಿ ನಿಂತಿದ್ದೇವೆ ಅಂತ ತಿಳಿಯಲು ಬಳಸಿ. ಹಳ್ಳ ಬೇಲಿಯ ಒಳಗೋ ಹೊರಗೋ ಅಂತ ತೀರ್ಮಾನಿಸಲು ಬಳಸಬೇಡಿ. ಗೆರೆ ಕೆಲವು ಮೀಟರ್ ಆಚೀಚೆ ಆದರೆ ನಿಮ್ಮ ಶೆಡ್ಡಿನ ಒಂದು ಗೋಡೆ ಹೋಗುತ್ತದೆ. ಅದಕ್ಕೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ, ಮಾಡಿಸಬೇಕು.

ಅಮ್ಮಾ, ಆ ಕೆರೆಗೆ ನೀರುಗಂಟಿ ಇದ್ದಾರಾ ವಿಚಾರಿಸಿ. ಕೆಲಸ ಬಿಟ್ಟಿದ್ದರೂ ಪರವಾಗಿಲ್ಲ. ನಕ್ಷೆ ಹಿಡಿದುಕೊಂಡು ಅವರ ಜೊತೆ ಕೋಡಿಯಿಂದ ಕೆಳಕ್ಕೆ ನಡೆಯಿರಿ.

ಕೊಬ್ಬರಿಅಕ್ಕ, ನಿಟ್ಟೂರು ಕಡೆ

ಹನ್ನೆರಡು ದಿನ ಆಯಿತು, ಹೋಗಿ ಬಂದೆ. ಹೇಳುತ್ತೇನೆ.

ಗ್ರಾಮ ನಕ್ಷೆ ಸಿಕ್ಕಿತು. ಮನೆಯ ಹಜಾರದಲ್ಲಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕೊಬ್ಬರಿ ಇಟ್ಟು ನೋಡಿದೆವು. ಕೋಡಿಯಿಂದ ಜೋಡಿ ಗೆರೆ ಹೊರಟು ಪೂರ್ವದ ಬೇಲಿ ಇರುವ ಕಡೆಗೇ ಬಂದಿದೆ. ಬಂದು ನಮ್ಮ ನಂಬರಿನ ಮೂಲೆ ದಾಟಿ ಒಳಗೆ ಹೋಗಿದೆ. ಪಹಣಿಯಲ್ಲಿ ಬ ಖರಾಬು ಸೊನ್ನೆ. ಆಕಾರಬಂದ್‌ನಲ್ಲಿ 14 ಗುಂಟೆ. ಹಳೇಸರಪಳಿ ಸಾರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ನೀರುಗಂಟಿ ತಾತನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ನಡಿಗೆ ಮಾತ್ರ ಚುರುಕು. ನಕ್ಷೆ ಮುಟ್ಟಲೇ ಇಲ್ಲ. ಕೋಡಿ ಕಲ್ಲಿನ ಮೇಲೆ ನಿಂತು ಕೋಲು ಚಾಚಿದರು. "ಆ ಹೊಂಗೆ ಮರ ಕಾಣ್ತದಾ ಮಗಾ? ಅದರ ಈಚೆಗೆ ಹಳ್ಳ. ಮರ ಹಳ್ಳದ ದಡದ್ದು, ಹೊಲದ್ದಲ್ಲ." ಹೊಂಗೆ ಮರ ಇರುವುದು ನಾನು ಶೆಡ್ ಬರಬೇಕು ಅಂದುಕೊಂಡಿದ್ದ ಜಾಗದ ನಟ್ಟನಡುವೆ. 2022ರಲ್ಲಿ ಎಷ್ಟು ನೀರು ಬಂತು ತಾತ ಅಂದೆ. ಪಂಚೆ ಸ್ವಲ್ಪ ಎತ್ತಿ ಮೊಣಕಾಲು ಮುಟ್ಟಿ ತೋರಿಸಿದರು.

ಬ್ರೋಕರ್‌ಗೆ ಹೇಳಿದೆ. ಮಾರನೇ ದಿನವೇ ಎಕರೆಗೆ ನಾಲ್ಕು ಲಕ್ಷ ಇಳಿಸಿದ. ಮೈದುನನ ಮುಖ ಅರಳಿತು. ನನಗೆ ಅನುಮಾನ ಜಾಸ್ತಿ ಆಯಿತು. ಬೇಡ ಅಂತ ಹೇಳಿ ಕಳಿಸಿದ್ದೇನೆ. ಮೈದುನ ಎರಡು ದಿನ ಮಾತು ಬಿಟ್ಟಿದ್ದ, ಈಗ ಸರಿಹೋಗಿದ್ದಾನೆ.

ಕಾಯಿ ನೀರು ಅಳೆದೆವು. ಅಡುಗೆಮನೆಯ ಹಾಲಿನ ಲೀಟರಿನಲ್ಲೇ. ಹತ್ತು ಕಾಯಿಗೆ ಒಂದೂಕಾಲು ಲೀಟರ್. ಅಂದರೆ ದಿನಕ್ಕೆ 1,250 ಲೀಟರ್, ತೊಳೆದ ನೀರು ಬೇರೆ. ಒಂದು ಬಕೆಟ್ ಹಿತ್ತಲಲ್ಲಿ ಮೂರು ದಿನ ಇಟ್ಟೆ. ಚಿಪ್ಪುಪುಡಿ ಅಣ್ಣ ಹೇಳಿದ್ದು ಕಮ್ಮಿಯೇ. ಅತ್ತೆ ಬಂದು ಹೆಂಡ ಯಾರು ತಂದರು ಅಂತ ಕೇಳಿದರು.

ಇನ್ನು ದಿಣ್ಣೆ. ಖುಷ್ಕಿ ಜಮೀನು, ಪಿತ್ರಾರ್ಜಿತದ್ದು. ಮಂಜೂರಾತಿಯದ್ದಲ್ಲ. ಕಚೇರಿಯಲ್ಲಿ ಸಿಕ್ಕ ಹಳೆಯ ಮ್ಯುಟೇಷನ್‌ವರೆಗೂ ಹೋಗಿ ನೋಡಿದೆ, ವಕೀಲರಿಗೂ ತೋರಿಸಿದೆ. ಬಂಡೆ ಇರುವುದು ಅ ಖರಾಬು, 6 ಗುಂಟೆ. ಅದರ ಮೇಲೆ ಕಾಯಿ ಒಣಗಿಸಬಹುದು ಅಂತ ಮಾವ ಈಗ ಪ್ಲೇಟು ಬದಲಾಯಿಸಿದ್ದಾರೆ. ಪೂರ್ವಕ್ಕೆ ಊರಿಲ್ಲ, ಹೊಲ. ಪಕ್ಕದ ತೋಟದ ಬೋರಿನಲ್ಲಿ ಎರಡು ಇಂಚು ನೀರು ಇದೆ ಅಂದರು, ಬೇಸಿಗೆಯಲ್ಲಿ ಎಷ್ಟು ಅಂದರೆ ಮಾತು ತೇಲಿಸಿದರು. ಸಿ.ಎಫ್.ಇ. ಅರ್ಜಿಗೆ ಒಬ್ಬರನ್ನು ಹಿಡಿದಿದ್ದೇನೆ. ತೊಟ್ಟಿಯ ಜಾಗ ಮೊದಲು ಬರೆದು ಆಮೇಲೆ ಶೆಡ್ ಬರೆಯಿರಿ ಅಂತ ಅವರಿಗೆ ಹೇಳಿದಾಗ ನನ್ನನ್ನು ಒಂದು ಥರ ನೋಡಿದರು.

ಸಿಕ್ಕಿಕೊಂಡಿರುವುದು ದಾರಿ. ಹೈವೇಯಿಂದ ಒಂದೂವರೆ ಕಿಲೋಮೀಟರ್ ಬಂಡಿದಾರಿ ನಕ್ಷೆಯಲ್ಲಿ ಇದೆ. ಕೊನೆಯ ಅರ್ಧ ಕಿಲೋಮೀಟರ್ ಇಲ್ಲ. ಇಬ್ಬರ ಹೊಲದ ಮೇಲೆ ಹೋಗುತ್ತದೆ. ಒಬ್ಬರು ದಾರಿ ಬರೆದುಕೊಡಲು ಒಪ್ಪಿದ್ದಾರೆ, ನೋಂದಣಿ ಮಾಡಿಸೋಣ ಅಂದಿದ್ದಾರೆ. ಇನ್ನೊಬ್ಬರು ನಮ್ಮ ಮಾವನ ಜೊತೆ ಓದಿದವರು. ಬದುವಿನ ಮೇಲಿನ ಒಂದು ತೆಂಗಿನ ಮರ ಯಾರದು ಅಂತ ಇಬ್ಬರಿಗೂ 19 ವರ್ಷದಿಂದ ಮಾತಿಲ್ಲ. ಭಾನುವಾರ ಮಾವನನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ. ಮರ ಬಿಟ್ಟುಕೊಡಿ ಅಂತ ಮಾವನಿಗೆ ಇನ್ನೂ ಹೇಳಿಲ್ಲ.

ಚಿಪ್ಪುಪುಡಿ, ಕೆ.ಬಿ. ಕ್ರಾಸ್

ದಾರಿ ಎಷ್ಟು ಅಗಲ ಕೇಳುತ್ತಿದ್ದೀರಿ ಅಕ್ಕಾ? 20 ಅಡಿಗೆ ಕಮ್ಮಿ ಒಪ್ಪಬೇಡಿ. ತಿರುವಿನಲ್ಲಿ ಇನ್ನೂ ಜಾಸ್ತಿ ಬೇಕು, ಲಾರಿ ಹಿಂಬದಿ ಹೊಲಕ್ಕೆ ಇಳಿಯುತ್ತದೆ.

ಕೊಬ್ಬರಿಅಕ್ಕ, ನಿಟ್ಟೂರು ಕಡೆ

ತಿರುವಿನಲ್ಲೇ ಇದೆ ಅಣ್ಣ ಆ ತೆಂಗಿನ ಮರ.